ಪುಟ್ಟ ವೆಬ್‌ಸೈಟನ್ನು ಪಟ್ಟಿಗೆ ಸೇರಿಸುವುದು ಹೇಗೆ?
(ಕಂಪ್ಯೂಟರ್ ಪಾಠ)



ಮೊಳಕಾಲ್ಮುರಿನ ಒಂದು ನೇಕಾರರ ಮನೆಯವರು ಮೂರು ಪುಟದ ವೆಬ್‌ಸೈಟ್ ಮಾಡಿಸಿದ್ದಾರೆ ಎಂದು ಇಟ್ಟುಕೊಳ್ಳೋಣ. ಒಂದು ಪುಟದಲ್ಲಿ ಮಗ್ಗ, ಇನ್ನೊಂದರಲ್ಲಿ ರೇಷ್ಮೆ ಸೀರೆಗಳು, ಮೂರನೆಯದರಲ್ಲಿ ಫೋನ್ ನಂಬರು. ಸೈಟೇನೋ ಆಯ್ತು, ನೋಡೋಕೆ ಜನ ಬರ್ಬೇಕಲ್ಲ? ಬೆಂಗಳೂರಿನಲ್ಲಿ ಕೂತವರು 'ಮೊಳಕಾಲ್ಮುರು ಸೀರೆ' ಅಂತ ಹುಡುಕಿದಾಗ ದೊಡ್ಡ ಊರಿನ ಅಂಗಡಿಗಳೇ ಸಿಕ್ಕಿದರೆ, ನೇಯ್ದವರ ಮನೆಗೆ ಬರಬೇಕಾದ ಆರ್ಡರು ಅಲ್ಲೇ ನಿಂತುಹೋಗುತ್ತದೆ. ಚಳ್ಳಕೆರೆಯ ಕಂಬಳಿಗೂ ಇದೇ ಮಾತು. ಆದ್ದರಿಂದ ಸೈಟ್ ಮಾಡಿದ ಮೇಲೆ ಅದನ್ನು ಪಟ್ಟಿಗೆ ಸೇರಿಸಬೇಕು.

ಡೈರೆಕ್ಟರಿ ಅಂದ್ರೇನು?

ಟೆಲಿಫೋನ್ ಡೈರೆಕ್ಟರಿ ಹೆಸರು ಕೇಳಿದ್ದೀರಿ. ಅದೇ ರೀತಿ ವೆಬ್‌ಸೈಟುಗಳನ್ನು ವಿಷಯವಾರು, ಊರುವಾರು ಜೋಡಿಸಿದ ಪಟ್ಟಿಯೇ ವೆಬ್ ಡೈರೆಕ್ಟರಿ. ಸರ್ಚ್ ಎಂಜಿನ್‌ನಲ್ಲಿ ಯಂತ್ರ ಹುಡುಕುತ್ತದೆ. ಡೈರೆಕ್ಟರಿಯಲ್ಲಿ ಮನುಷ್ಯರು ನೋಡಿ, ಓದಿ, ಸರಿಯಾದ ಜಾಗದಲ್ಲಿ ಇಡುತ್ತಾರೆ.

ಪಟ್ಟಿಯ ಬೆಲೆ ತಿಳಿಯಲು ನಮ್ಮ ಸೀಮೆಯಲ್ಲೇ ಉದಾಹರಣೆ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳು ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಬಂಡೆಯ ಮೇಲಿದ್ದವು. 1890ರ ದಶಕದಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ 11ನೇ ಸಂಪುಟದಲ್ಲಿ ತಾಲ್ಲೂಕುವಾರು ನಂಬರು ಕೊಟ್ಟು ಪಟ್ಟಿ ಮಾಡಿದರು. ಬಂಡೆ ಇದ್ದಲ್ಲೇ ಇತ್ತು. ಪಟ್ಟಿಗೆ ಸೇರಿದ ಮೇಲೆ ದೂರದ ವಿದ್ವಾಂಸರಿಗೂ ಅದು ಸಿಕ್ಕಿತು.

ಸ್ವಲ್ಪ ಇತಿಹಾಸ

1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರ್ರಿ ಯಾಂಗ್, ಡೇವಿಡ್ ಫಿಲೋ ಎಂಬ ಇಬ್ಬರು ವಿದ್ಯಾರ್ಥಿಗಳು ತಮಗೆ ಹಿಡಿಸಿದ ಸೈಟುಗಳ ಪಟ್ಟಿ ಮಾಡಿದರು. ಅದೇ ಮುಂದೆ ಯಾಹೂ ಆಯಿತು. 1998ರಲ್ಲಿ ಡಿಮಾಜ್ ಎಂಬ ಡೈರೆಕ್ಟರಿ ಶುರುವಾಯಿತು. ಸಂಬಳವಿಲ್ಲದ ಸ್ವಯಂಸೇವಕರೇ ಅದರ ಸಂಪಾದಕರು. ಸೈಟುಗಳು ಕೋಟಿಗಟ್ಟಲೆ ಆದಂತೆ ಜನ ಪಟ್ಟಿ ಬಿಟ್ಟು ಸರ್ಚ್ ಎಂಜಿನ್ ಕಡೆ ಹೋದರು. ಯಾಹೂ ಡೈರೆಕ್ಟರಿ 2014ರಲ್ಲಿ, ಡಿಮಾಜ್ 2017ರಲ್ಲಿ ಮುಚ್ಚಿದವು. ಡಿಮಾಜ್‌ನ ಕೆಲಸವನ್ನು ಈಗ ಕರ್ಲಿ ಎಂಬ ಡೈರೆಕ್ಟರಿ ಮುಂದುವರಿಸಿದೆ. ಇದರಿಂದ ತಿಳಿಯುವುದೇನೆಂದರೆ, ಒಂದೇ ಪಟ್ಟಿಯನ್ನು ನಂಬಿ ಕೂರಬಾರದು.

ಈಗ ಎಲ್ಲೆಲ್ಲಿ ಸೇರಿಸಬಹುದು?

1. ಗೂಗಲ್ ನಕ್ಷೆಯ ವ್ಯಾಪಾರಿಗಳ ಪಟ್ಟಿ. ದುಡ್ಡು ಕೊಡಬೇಕಿಲ್ಲ. ಅಂಗಡಿ ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ.
2. ಓಪನ್ ಸ್ಟ್ರೀಟ್ ಮ್ಯಾಪ್. ಜನರೇ ಮಾಡುವ ನಕ್ಷೆ. ಅಂಗಡಿಯ ಗುರುತಿನ ಜೊತೆ ಸೈಟಿನ ವಿಳಾಸವನ್ನೂ ಬರೆಯಬಹುದು.
3. ಕರ್ಲಿ. ಉಚಿತ. ಆದರೆ ಸಂಪಾದಕರು ಒಪ್ಪಬೇಕು, ತಡವೂ ಆಗಬಹುದು.
4. ಕಸುಬಿನ ಪಟ್ಟಿಗಳು. ಮೊಳಕಾಲ್ಮುರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರ ನೋಂದಣಿ ಕಚೇರಿ ಚೆನ್ನೈನಲ್ಲಿದೆ. ನೇಕಾರರು ಅಲ್ಲಿ 'ಅಧಿಕೃತ ಬಳಕೆದಾರ' ಎಂದು ಹೆಸರು ಬರೆಸಿದರೆ ಆ ಗುರುತನ್ನು ಸೈಟಿನಲ್ಲಿ ಹಾಕಿಕೊಳ್ಳಬಹುದು. ಬರೆಸದೆ ಹಾಕಬಾರದು.

ಸೇರಿಸುವ ಕ್ರಮ

ಮೊದಲು ಸೈಟ್ ಪೂರ್ತಿ ಆಗಿರಬೇಕು. 'ಕೆಲಸ ನಡೆಯುತ್ತಿದೆ' ಅಂತ ಬೋರ್ಡು ಹಾಕಿದ ಪುಟವನ್ನು ಯಾವ ಸಂಪಾದಕರೂ ತೆಗೆದುಕೊಳ್ಳುವುದಿಲ್ಲ. ಊರು, ತಾಲ್ಲೂಕು, ಪಿನ್‌ಕೋಡ್ ಇರಲಿ. ಚಳ್ಳಕೆರೆಗೆ 577522, ಮೊಳಕಾಲ್ಮುರಿಗೆ 577535.

ಎರಡನೆಯದು, ಸರಿಯಾದ ವಿಭಾಗ. ಕರ್ನಾಟಕ, ಚಿತ್ರದುರ್ಗ, ಆಮೇಲೆ ಬಟ್ಟೆ ವ್ಯಾಪಾರ ಹೀಗೆ ಒಳಗೆ ಒಳಗೆ ಹೋಗಿ, ತಕ್ಕ ಜಾಗದಲ್ಲಿ ಒಂದೇ ಸಲ ಕೊಡಿ. ಹತ್ತು ಕಡೆ ತುರುಕಿದರೆ ಒಂದರಲ್ಲೂ ಸೇರಿಸದೆ ಬಿಡಬಹುದು.

ಮೂರನೆಯದು, ಎರಡು ಸಾಲಿನ ವಿವರಣೆ. ಹೀಗೆ ಬರೆಯಬೇಡಿ: "ಇಡೀ ಭಾರತದಲ್ಲೇ ಅತ್ಯುತ್ತಮ ಸೀರೆಗಳು, ಬೇಗ ಬನ್ನಿ!" ಹೀಗೆ ಬರೆಯಿರಿ: "ಮೊಳಕಾಲ್ಮುರಿನ ನೇಕಾರರ ಮನೆ. ಕೈಮಗ್ಗದ ರೇಷ್ಮೆ ಸೀರೆಗಳ ಚಿತ್ರ, ಬೆಲೆ ಮತ್ತು ಆರ್ಡರ್ ಕೊಡುವ ಕ್ರಮ." ಮೊದಲನೆಯದು ಹೊಗಳಿಕೆ, ಎರಡನೆಯದು ಮಾಹಿತಿ. ಪಟ್ಟಿಗೆ ಬೇಕಾದ್ದು ಮಾಹಿತಿ.

ನಾಲ್ಕನೆಯದು ನಮಗೆ ಬಹಳ ಮುಖ್ಯ: ಹೆಸರಿನ ಕಾಗುಣಿತ. ಕನ್ನಡದಲ್ಲೇ ಮೊಳಕಾಲ್ಮುರು, ಮೊಳಕಾಲ್ಮೂರು ಎಂದು ಎರಡು ರೀತಿ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಕೊನೆಗೆ 'ಯು' ಅಕ್ಷರ ಹಾಕುವವರುಂಟು, ಬಿಡುವವರುಂಟು. ಚಳ್ಳಕೆರೆಯಲ್ಲೂ ಹಂಗೇ, 'ಸಿಎಚ್' ಆದಮೇಲೆ 'ಎ' ಬರೆಯೋರು ಕೆಲವರು, 'ಇ' ಬರೆಯೋರು ಕೆಲವರು. ಒಂದನ್ನು ಆರಿಸಿಕೊಂಡು ಎಲ್ಲಾ ಪಟ್ಟಿಯಲ್ಲೂ ಅದನ್ನೇ ಬರೆಯಿರಿ. ಉಳಿದ ರೂಪಗಳನ್ನು ಸೈಟಿನ ಪುಟದೊಳಗೆ ಒಂದು ಸಲ ಸೇರಿಸಿ. ಆಗ ಹೇಗೆ ಬರೆದು ಹುಡುಕಿದರೂ ಸಿಗುವ ಸಂಭವ ಹೆಚ್ಚು.

ಐದನೆಯದು, ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿಯ ಹೆಸರು, ಕೊಟ್ಟ ತಾರೀಖು ಬರೆದಿಡಿ. ನಾಳೆ ಫೋನ್ ನಂಬರು ಬದಲಾದರೆ ಎಲ್ಲಾ ಕಡೆ ತಿದ್ದಬೇಕು. ಹಳೇ ನಂಬರಿಗೆ ಫೋನ್ ಮಾಡಿದ ಗಿರಾಕಿ ಇನ್ನೊಂದು ಸಲ ಮಾಡುತ್ತಾನೆ ಅನ್ನೋ ಭರವಸೆ ಇಲ್ಲ.

ಎಚ್ಚರಿಕೆ

"ದುಡ್ಡು ಕೊಡಿ, ಸಾವಿರ ಡೈರೆಕ್ಟರಿಗೆ ಸೇರಿಸ್ತೀವಿ" ಅನ್ನುವವರನ್ನು ನಂಬಬೇಡಿ. ಹೀಗೆ ಕೃತಕವಾಗಿ ಕೊಂಡಿ ಗುಡ್ಡೆ ಹಾಕಿಕೊಂಡ ಸೈಟುಗಳನ್ನು ಗೂಗಲ್ 2012ರಿಂದ ಕೆಳಕ್ಕೆ ತಳ್ಳುತ್ತಾ ಬಂದಿದೆ. ದುಡ್ಡೂ ಹೋಯ್ತು, ಹೆಸರೂ ಹೋಯ್ತು! ಮನೆಯವರ ಒಪ್ಪಿಗೆ ಇಲ್ಲದೆ ನಂಬರು ಹಾಕಬೇಡಿ. ಒಟಿಪಿ ಯಾರಿಗೂ ಹೇಳಬೇಡಿ.

ಕೊನೆಯ ಮಾತು: ಪಟ್ಟಿ ದಾರಿ ತೋರಿಸುತ್ತದೆ ಅಷ್ಟೆ. ಬಂದವರು ಮತ್ತೆ ಬರುವುದು ಸೀರೆ ಚೆನ್ನಾಗಿದ್ದರೆ, ಮಾತು ನಿಜವಾಗಿದ್ದರೆ.

ಅಭ್ಯಾಸ
1. ಡೈರೆಕ್ಟರಿಗೂ ಸರ್ಚ್ ಎಂಜಿನ್‌ಗೂ ಏನು ವ್ಯತ್ಯಾಸ?
2. ನಿಮ್ಮ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ರೀತಿ ಬರೆಯುತ್ತಾರೆ? ಬಸ್ಸಿನ ಬೋರ್ಡು, ಅಂಗಡಿ ಬೋರ್ಡು ನೋಡಿ ಬರೆಯಿರಿ.
3. ನಿಮ್ಮ ಓಣಿಯ ಒಬ್ಬ ಕಸುಬುದಾರರ ಬಗ್ಗೆ ಹೊಗಳಿಕೆ ಇಲ್ಲದ ಎರಡು ಸಾಲಿನ ವಿವರಣೆ ಬರೆದು ಗುರುಗಳಿಗೆ ತೋರಿಸಿ.