ಗಂಡಹೆಂಡರ ಮನಸ್ತಾಪದಲ್ಲಿ ಹಿತಾಲೋಚನೆಯ ಪ್ರಯೋಜನವೆಷ್ಟು?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಗಂಡಹೆಂಡರೊಳಗೆ ಬಿರುಕು ಬಿದ್ದರೆ ನಡೆಯುವ ಕ್ರಮವನ್ನು ನೀವೆಲ್ಲರೂ ಬಲ್ಲಿರಿ. ಹೆಂಡತಿಯು ಕೂಸನ್ನು ಎತ್ತಿಕೊಂಡು ತವರಿಗೆ ಹೋಗುವಳು. ಒಂದೆರಡು ತಿಂಗಳಾದ ಮೇಲೆ ಎರಡೂ ಕಡೆಯ ಹಿರಿಯರು ಕಟ್ಟೆಯ ಮೇಲೆ ಕೂಡುವರು, ಚಹಾ ಆಗುವದು, ಗಂಡನಿಗೆ ಎರಡು ಬಿರುಸು ಮಾತು, ಹೆಂಡತಿಗೆ ನಾಲ್ಕು ಬುದ್ಧಿಮಾತು, ಸಂಜೆಯೊಳಗೆ ಆಕೆಯನ್ನು ಬಸ್ಸು ಹತ್ತಿಸುವರು. ಇದಕ್ಕೆ ರಾಜಿಯೆಂದು ಹೆಸರು. ನಾನೂ ಇಂಥ ಕಟ್ಟೆಗಳ ಮೇಲೆ ಅನೇಕ ಸಾರಿ ಕೂತು, ಒಳ್ಳೇ ಕೆಲಸವಾಯಿತೆಂದು ತೃಪ್ತಿಯಿಂದ ಉಂಡು ಬಂದವನು. ಆದರೆ ನಾವು ಹೀಗೆ ಕಳುಹಿಸಿದ ಒಬ್ಬ ಹೆಂಗಸು ಮೂರನೆಯ ವಾರದಲ್ಲಿ ಮುರಿದ ಕೈಯೊಡನೆ ತಿರಿಗಿ ಬಂದಳು. ಆಕೆಯು ಯಾರನ್ನೂ ದೂರಲಿಲ್ಲ. ತನ್ನನ್ನು ಯಾರೂ ಕೇಳಲಿಲ್ಲವೆಂದಷ್ಟೇ ಹೇಳಿದಳು. ಅದು ನಿಜ. ಆ ದಿನ ನಾವು ಹನ್ನೊಂದು ಮಂದಿ ಮಾತಾಡಿದ್ದೆವು. ಆಕೆಯ ಬಾಯಿಂದ ಒಂದು ಮಾತೂ ಬಂದಿರಲಿಲ್ಲ.

ರಾಜಿಯು ಬೇರೆ, ಹಿತಾಲೋಚನೆಯು ಬೇರೆ ಎಂಬದನ್ನು ನಾನು ಕಲಿತದ್ದು ಅಂದಿನಿಂದ. ಈಗ ಪೇಟೆಗಳಲ್ಲಿ ಆಪ್ತಸಮಾಲೋಚನೆಯೆಂದು ಕರೆಯಲ್ಪಡುವ ಈ ಕೆಲಸವು ಹೊಸ ವೈದ್ಯರ ಕಲ್ಪನೆಯೆಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. 1938ರಲ್ಲಿ ಲಂಡನಿನಲ್ಲಿ ಹೆರ್ಬರ್ಟ್ ಗ್ರೇ ಎಂಬ ಸಭಾಪಾಲಕರೂ ಬೇರೆ ಕೆಲವರೂ ಕೂಡಿ ಇದಕ್ಕಾಗಿಯೇ ಒಂದು ಸಂಘವನ್ನು ಸ್ಥಾಪಿಸಿದರು. ಹಿತಾಲೋಚಕನು ತೀರ್ಪು ಹೇಳುವವನಲ್ಲ. ಅವನು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳುವನು, ಬಳಿಕ ಒಟ್ಟಿಗೆ ಕೂಡಿಸುವನು. ತಪ್ಪು ಯಾರದೆಂದು ಹುಡುಕದೆ, ಜಗಳವು ಹೇಗೆ ಹುಟ್ಟಿ ಹೇಗೆ ಬೆಳೆಯುವದೆಂದು ಅವರಿಗೇ ಕಾಣುವ ಹಾಗೆ ಮಾಡುವನು.

ಇದನ್ನು ನಮ್ಮ ಕಡೆಯ ಒಂದು ಮನೆಯಲ್ಲಿಟ್ಟು ನೋಡಿರಿ. ಘಟಪ್ರಭೆಯ ಕಾಲುವೆಯ ಕೆಳಗೆ ಮೂರೆಕರೆ ಕಬ್ಬು. ಕಾರ್ಖಾನೆಯಿಂದ ಬಿಲ್ಲು ಬರುವದು ತಡ. ಬಂದಾಗ ಒಮ್ಮೆಲೇ ಬರುವದು, ಬಂದದ್ದು ಅತ್ತೆಯ ಪೆಟ್ಟಿಗೆಗೆ ಸೇರುವದು. ಮಗಳ ಶಾಲೆಗೆ ಹಣವೆಲ್ಲಿ ಎಂದು ಹೆಂಡತಿಯು ಕೇಳುವಳು. ತಾಯಿಗೂ ಹೆಂಡತಿಗೂ ನಡುವೆ ಸಿಕ್ಕಿದ ಗಂಡನು ಉತ್ತರ ಕೊಡದೆ ಚಪ್ಪಲಿ ಮೆಟ್ಟಿ ಹೊರಡುವನು. ಅವನು ಸುಮ್ಮನಾದಷ್ಟು ಅವಳ ದನಿ ಏರುವದು; ಅವಳ ದನಿ ಏರಿದಷ್ಟು ಅವನು ತಡವಾಗಿ ಮನೆಗೆ ಬರುವನು. ಅವಳು ಗಯ್ಯಾಳಿಯೆಂದು ಅವನೂ, ಅವನಿಗೆ ಸಂಸಾರದ ಚಿಂತೆಯಿಲ್ಲವೆಂದು ಅವಳೂ ನಂಬುವರು. ಎರಡೂ ಸುಳ್ಳು. ಇಬ್ಬರಿಗೂ ಅದೇ ಶಾಲೆಯ ಹಣದ ಭಯ. ಹೊಂದಿಕೊಂಡು ಹೋಗಿರಿ ಎಂಬ ಬುದ್ಧಿಮಾತು ಈ ಗಂಟನ್ನು ಮುಟ್ಟುವದೇ ಇಲ್ಲ. ಅತ್ತೆಯನ್ನೂ ಕರೆದು ಕೇಳಿದರೆ, ಆ ಪೆಟ್ಟಿಗೆಯ ಬೀಗದ ಕೈ ಹೋದರೆ ಮುಪ್ಪಿನಲ್ಲಿ ತನ್ನನ್ನು ಯಾರೂ ವಿಚಾರಿಸಲಾರರೆಂದು ಅವಳಿಗೂ ಒಂದು ಭಯವಿರುವದು ತಿಳಿದುಬರುವದು.

ಹಾಗಾದರೆ ಇದರಿಂದ ಎಷ್ಟು ಮಂದಿಗೆ ಗುಣವಾಗುವದು? ಅಮೇರಿಕದ ಲಾಸ್ ಏಂಜಲೀಸ್, ಸಿಯಾಟಲ್ ಎಂಬ ಪಟ್ಟಣಗಳಲ್ಲಿ ಬಹುಕಾಲದಿಂದ ಬಹಳವಾಗಿ ನೊಂದಿದ್ದ 134 ದಂಪತಿಗಳನ್ನು ಆಂಡ್ರೂ ಕ್ರಿಸ್ಟೆನ್ಸನ್ ಮೊದಲಾದ ಪಂಡಿತರು ಪರೀಕ್ಷಿಸಿದರು. ಪ್ರತಿಯೊಂದು ಜೋಡಿಗೆ ಹೆಚ್ಚೆಂದರೆ 26 ಬೈಠಕುಗಳು. ಐದು ವರುಷಗಳ ತರುವಾಯ ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಫಲವು ಇದು: ಸುಮಾರು ಅರ್ಧ ಜೋಡಿಗಳು ಮೊದಲಿಗಿಂತ ಸ್ಪಷ್ಟವಾಗಿ ಚೆನ್ನಾಗಿದ್ದವು, ಕಾಲು ಪಾಲಿನಷ್ಟು ಅಗಲಿಹೋಗಿದ್ದವು. ಅವರ ಮನೆಗಳಲ್ಲಿ ಅತ್ತೆಮಾವಂದಿರ ಒಲೆಯಿಲ್ಲ. ಆದದರಿಂದ ಈ ಲೆಕ್ಕವನ್ನು ಹಾಗೆಯೇ ನಮ್ಮ ಹಳ್ಳಿಗೆ ತರಕೂಡದು. ಆದಾಗ್ಯೂ ಅರ್ಧವೆಂಬದು ಕಡಿಮೆಯಲ್ಲ. ಎಲ್ಲರೂ ಅಲ್ಲವೆಂಬದನ್ನು ಮರೆಯಲೂ ಬಾರದು. ಒಂದು ಸಂಜೆಯಲ್ಲಿ ಎಲ್ಲ ಮನೆಗಳನ್ನೂ ಸರಿಮಾಡುವೆವೆನ್ನುವ ನಮ್ಮ ಕಟ್ಟೆಯವರು 26 ಎಂಬ ಸಂಖ್ಯೆಯನ್ನೂ ಗಮನಿಸಲಿ.

ಗಂಡಹೆಂಡರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯು ಬಹಳ ಮನೆಗಳನ್ನು ತಡಮಾಡಿಸಿ ಕೆಡಿಸಿದೆ. ಮಾತು ನಿಂತು, ಒಬ್ಬರ ವಿಷಯದಲ್ಲಿ ಒಬ್ಬರಿಗೆ ತಾತ್ಸಾರ ಹುಟ್ಟಿದ ಮೇಲೆ ಬಂದವರಿಗೆ ಆಲೋಚನೆಯು ಹಿಡಿಯುವದು ಕಷ್ಟ.

ಆ ಅಮೇರಿಕದ ಪರೀಕ್ಷೆಯಲ್ಲಿ ಘೋರವಾದ ಹೊಡೆತವಿದ್ದ ಜೋಡಿಗಳನ್ನು ಸೇರಿಸಿರಲಿಲ್ಲ. ಇದು ಮುಖ್ಯವಾದ ಸಂಗತಿ. ಯಾಕಂದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ಮದುವೆಯಾದ ಸ್ತ್ರೀಯರೊಳಗೆ ನೂರಕ್ಕೆ ಸುಮಾರು 44 ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದವರು. ಹೊಡೆತವಿರುವಲ್ಲಿ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂಡಿಸಿದರೆ ಆಕೆಯು ನಿಜವನ್ನು ಹೇಳಳು. ಹೇಳಿದರೆ ರಾತ್ರಿ ಅದಕ್ಕೆ ಬೆಲೆ ತೆರುವಳು. ನಾವು ಆ ದಿನ ಮಾಡಿದ್ದು ಇದನ್ನೇ. ಕೌಟುಂಬಿಕ ಹಿಂಸೆಯಿಂದ ಸ್ತ್ರೀಯರನ್ನು ಕಾಯುವದಕ್ಕಾಗಿ 2005ರಲ್ಲಿ ಆದ ಕಾಯಿದೆಯ ಕೆಳಗೆ 2006ರಲ್ಲಿ ಬಂದ ನಿಯಮಗಳು, ತಾನು ಹೊಡೆದದ್ದಕ್ಕೆ ಕಾರಣವಿತ್ತೆಂದು ಸಮರ್ಥಿಸಿಕೊಳ್ಳಲು ಆಲೋಚನೆಯ ಬೈಠಕಿನಲ್ಲಿ ಗಂಡನಿಗೆ ಅವಕಾಶ ಕೊಡುವದಿಲ್ಲ. ಇದನ್ನು ಅವನಿಗೆ ಆರಂಭದಲ್ಲಿಯೇ ತಿಳಿಸತಕ್ಕದ್ದು. ನಮ್ಮ ಕಟ್ಟೆಗಳ ಮೇಲೆ ಮೊದಲು ಕೇಳಲ್ಪಡುವ ಪ್ರಶ್ನೆಯೇ ನೀನೇನು ತಪ್ಪು ಮಾಡಿದಿ ಎಂಬದು! ಇಂಥ ಮನೆಯಲ್ಲಿ ಮೊದಲು ಆಕೆಯ ಜೀವಕ್ಕೆ ಭದ್ರತೆಯಾಗಬೇಕು. 181 ಎಂಬ ಮಹಿಳಾ ಸಹಾಯವಾಣಿಯನ್ನೂ, ತುರ್ತಿಗೆ 112ನ್ನೂ ಪ್ರತಿಯೊಬ್ಬ ಹೆಣ್ಣುಮಗಳು ಬಾಯಿಪಾಠ ಮಾಡಲಿ. ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಸ್ತ್ರೀಯರಿಗೆ, ಆದಾಯವೆಷ್ಟೇ ಇರಲಿ, ವಕೀಲರ ಸಹಾಯವು ಉಚಿತ.

ಕುಡಿತವಿದ್ದರೆ ಅದಕ್ಕೂ ಔಷಧೋಪಚಾರವು ಜೊತೆಯಲ್ಲಿ ನಡೆಯಬೇಕು. ಕುಡಿದವನಿಗೆ ಹೇಳಿದ ಬುದ್ಧಿಯು ಬಂಡೆಯ ಮೇಲಣ ಬೀಜ. 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸೇವೆಯಲ್ಲಿ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿಯೇ, ಹಣವಿಲ್ಲದೆ, ಮಾತಾಡಬಹುದು.

ಈಗ ನಾವು ಕಟ್ಟೆಯನ್ನು ಬಿಟ್ಟಿದ್ದೇವೆ. ಹೆಂಡತಿಯನ್ನು ಒಬ್ಬ ಹಿರಿಯ ಹೆಂಗಸು ಬೇರೆ ಮನೆಯಲ್ಲಿ ಕೇಳುವಳು, ಗಂಡನನ್ನು ನಾನು ಕೇಳುವೆನು. ಹೊಡೆತದ ಸುದ್ದಿ ಬಂದರೆ ಒಟ್ಟಿಗೆ ಕೂಡಿಸುವದೇ ಇಲ್ಲ. ಉಳಿದವರನ್ನು ವಾರಕ್ಕೊಮ್ಮೆ ಕರೆಯುತ್ತೇವೆ. ಕಳೆದ ಹಂಗಾಮಿನಲ್ಲಿ ಬಂದ ಒಂದು ಜೋಡಿಯು ಮೊದಲನೆಯ ವಾರ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಐದನೆಯ ವಾರ ನಾನು ಇನ್ನೂ ಮಾತು ತೆಗೆಯುವದರೊಳಗೆ, ಕಬ್ಬು ಕಡಿಯುವ ಗ್ಯಾಂಗು ಬಂದಿದೆ, ಇವತ್ತು ನಮ್ಮನ್ನು ಬೇಗ ಬಿಡಿರಿ ಎಂದು ಆಕೆ ಹೇಳಿದಳು. ಇಬ್ಬರೂ ಒಂದೇ ಗಾಡಿಯ ಮೇಲೆ ಹೋದರು.