ಯುದ್ಧಭೂಮಿಯಿಂದ ಊರಿಗೆ

ಬೆಂಗಳೂರಿನ ಉತ್ತರಕ್ಕಿರುವ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಪರದೇಶಕ್ಕೆ ಹೊರಡುವವರ ಸಡಗರ ನಿತ್ಯದ ನೋಟವಾಗಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿಗಳ ತಂತ್ರಜ್ಞರು ನೆರೆಯೂರಿಗೆ ಹೋಗಿಬರುವಷ್ಟು ನಿಶ್ಚಿಂತೆಯಿಂದ ಕಡಲಾಚೆಗೆ ಹೋಗಿ ಹಿಂದಿರುಗುತ್ತಾರೆ. ಹಿಂದಿರುಗುವುದು ಹೋಗುವುದಕ್ಕಿಂತ ಕಠಿಣವಾಗಬಹುದೆಂಬ ಯೋಚನೆ ಅಲ್ಲಿ ಯಾರಿಗೂ ಸುಲಭವಾಗಿ ಬಾರದು. ಆದರೆ 2022ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ತಿಂಗಳಲ್ಲಿ ಇದೇ ನಿಲ್ದಾಣದ ಬಾಗಿಲಲ್ಲಿ ಕಾದು ನಿಂತಿದ್ದ ತಂದೆತಾಯಿಗಳಿಗೆ ಬೇರೆ ಯಾವ ಯೋಚನೆಯೂ ಇರಲಿಲ್ಲ. ಅವರ ಮಕ್ಕಳು ಉಕ್ರೇನ್ ದೇಶದಲ್ಲಿ ಸಿಕ್ಕಿಬಿದ್ದಿದ್ದರು.

ಆ ದೇಶದಲ್ಲಿ ಅಂದು ಸುಮಾರು 20,000 ಮಂದಿ ಭಾರತೀಯರಿದ್ದರು. ಅವರಲ್ಲಿ ಬಹುಪಾಲು ವೈದ್ಯಕೀಯ ವಿದ್ಯಾರ್ಥಿಗಳು. ಕರ್ನಾಟಕದ ತರುಣ ತರುಣಿಯರೂ ನೂರಾರು ಸಂಖ್ಯೆಯಲ್ಲಿದ್ದರು. ಇವರು ವಿಲಾಸಕ್ಕಾಗಿ ದೇಶ ಬಿಟ್ಟವರಲ್ಲ. ನಮ್ಮಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಸ್ಥಾನಗಳು ಕೆಲವೇ. ಖಾಸಗಿ ಕಾಲೇಜುಗಳ ಶುಲ್ಕವಾದರೋ ಸಾಮಾನ್ಯ ಕುಟುಂಬಕ್ಕೆ ನಿಲುಕದಷ್ಟು. ಉಕ್ರೇನಿನಲ್ಲಿ ಆರು ವರ್ಷಗಳ ಶಿಕ್ಷಣ ಅದರ ಒಂದು ಭಾಗದಷ್ಟು ವೆಚ್ಚದಲ್ಲಿ, ಇಂಗ್ಲಿಷ್ ಮಾಧ್ಯಮದಲ್ಲಿ ದೊರೆಯುತ್ತಿತ್ತು. ಸಾಲ ಮಾಡಿಯಾದರೂ ಮಗನನ್ನೋ ಮಗಳನ್ನೋ ವೈದ್ಯರನ್ನಾಗಿ ನೋಡಬೇಕೆಂದು ಕಳುಹಿಸಿದ್ದ ಮನೆಗಳು ಹಳ್ಳಿಗಾಡಿನಲ್ಲಿಯೂ ಇದ್ದವು.

ಫೆಬ್ರವರಿ 24ರ ಬೆಳಗಿನ ಜಾವ ರಷ್ಯಾದ ಸೇನೆ ಉಕ್ರೇನಿನ ಮೇಲೆ ದಾಳಿ ಆರಂಭಿಸಿತು. ಒಡನೆಯೇ ನಾಗರಿಕ ವಿಮಾನಗಳಿಗೆ ಆ ದೇಶದ ಆಕಾಶಮಾರ್ಗವನ್ನು ಮುಚ್ಚಲಾಯಿತು. ಭಾರತೀಯರನ್ನು ಕರೆತರಲು ರಾಜಧಾನಿ ಕೀವ್‌ಗೆ ಹೊರಟಿದ್ದ ಏರ್ ಇಂಡಿಯಾ ವಿಮಾನವು ದಾರಿಯಿಂದಲೇ ಹಿಂದಿರುಗಬೇಕಾಯಿತು. ಇನ್ನು ಉಳಿದದ್ದು ನೆಲದ ದಾರಿ ಮಾತ್ರ.

ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ಆ ದಾರಿಯ ಕಷ್ಟ ತಿಳಿದೀತು. ಕನ್ನಡಿಗ ವಿದ್ಯಾರ್ಥಿಗಳು ಅನೇಕರಿದ್ದ ಹಾರ್ಕಿವ್ ನಗರ ಉಕ್ರೇನಿನ ಈಶಾನ್ಯದಲ್ಲಿದೆ. ಅಲ್ಲಿಂದ ಅತಿ ಸಮೀಪದ ಗಡಿ ಸುಮಾರು 40 ಕಿಲೋಮೀಟರ್. ಆದರೆ ಅದು ರಷ್ಯಾದ ಗಡಿ, ಫಿರಂಗಿಗಳು ಬರುತ್ತಿದ್ದುದೇ ಆ ದಿಕ್ಕಿನಿಂದ. ಪಾರಾಗಲು ಅವಕಾಶವಿದ್ದ ಪೋಲೆಂಡ್, ಸ್ಲೊವಾಕಿಯಾ, ಹಂಗೆರಿ, ರೊಮೇನಿಯಾಗಳು ದೇಶದ ಇನ್ನೊಂದು ತುದಿಯಲ್ಲಿ, ಸಾವಿರ ಕಿಲೋಮೀಟರಿನಷ್ಟು ದೂರದಲ್ಲಿದ್ದವು. ಪಶ್ಚಿಮದ ಊರುಗಳಲ್ಲಿ ಓದುತ್ತಿದ್ದವರು ಬೇಗನೆ ಗಡಿ ದಾಟಿದರು. ಹಾರ್ಕಿವ್‌ನವರು ಮಾತ್ರ ಕಟ್ಟಡಗಳ ನೆಲಮಾಳಿಗೆಗಳಲ್ಲಿಯೂ ಸುರಂಗ ರೈಲಿನ ನಿಲ್ದಾಣಗಳಲ್ಲಿಯೂ ಆಶ್ರಯ ಪಡೆದು, ಗುಂಡಿನ ಸದ್ದು ನಿಂತ ಹೊತ್ತಿನಲ್ಲಿ ಮೇಲೆ ಬಂದು ನೀರು, ರೊಟ್ಟಿ ಒದಗಿಸಿಕೊಳ್ಳುತ್ತ ದಿನ ನೂಕಿದರು.

ಮಾರ್ಚ್ 1ರಂದು ಹಾಗೆ ಆಹಾರ ತರಲೆಂದು ಹೊರಗೆ ಬಂದ ನವೀನ್ ಶೇಖರಪ್ಪ ಗ್ಯಾನಗೌಡರ್ ಎಂಬ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದನು. ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿ ಗ್ರಾಮದ ಆತ ಹಾರ್ಕಿವ್ ರಾಷ್ಟ್ರೀಯ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ನಾಲ್ಕನೆಯ ವರ್ಷದಲ್ಲಿ ಓದುತ್ತಿದ್ದನು. ಸುದ್ದಿ ತಿಳಿದ ಮೇಲೆ ನೆಲಮಾಳಿಗೆಗಳಲ್ಲಿ ಉಳಿದವರಿಗೆ ಅಲ್ಲಿ ನಿಲ್ಲುವ ಧೈರ್ಯವೂ ಇಲ್ಲದಾಯಿತು, ಹೊರಡುವ ಧೈರ್ಯವೂ ಇಲ್ಲದಾಯಿತು.

ಮರುದಿನ ಭಾರತದ ರಾಯಭಾರ ಕಚೇರಿ ತುರ್ತು ಸೂಚನೆಯೊಂದನ್ನು ಹೊರಡಿಸಿತು. ಭಾರತೀಯರೆಲ್ಲರೂ ಕೂಡಲೇ ಹಾರ್ಕಿವ್ ಬಿಡಬೇಕು. ವಾಹನ ಸಿಗದಿದ್ದರೆ ಕಾಲ್ನಡಿಗೆಯಲ್ಲಿಯೇ ಹೊರಡಬೇಕು. ಸಂಜೆ ಆರು ಗಂಟೆಯೊಳಗೆ ಪೆಸೋಚಿನ್, ಬಾಬೈ, ಬೆಜ್‌ಲ್ಯುಡೊವ್ಕಾ ಎಂಬ ಊರುಗಳಲ್ಲಿ ಒಂದನ್ನು ಸೇರಬೇಕು. ಆ ಊರುಗಳ ದೂರ ಕ್ರಮವಾಗಿ 11, 12 ಮತ್ತು 16 ಕಿಲೋಮೀಟರ್. ಆ ಹೊತ್ತಿಗೆ ಅನೇಕರು ರೈಲು ನಿಲ್ದಾಣದಲ್ಲಿದ್ದರು. ಪ್ರಾಣಭಯದಿಂದ ಓಡಿಬಂದ ಸ್ಥಳೀಯ ಜನರಿಂದಲೇ ರೈಲುಗಳು ತುಂಬಿಹೋಗಿ, ಗಂಟೆಗಟ್ಟಲೆ ಕಾದರೂ ಒಳಗೆ ಕಾಲಿಡಲು ಆಗದವರು ಇವರು. ಈಗ ನಡೆಯುವುದೇ ಗತಿಯಾಯಿತು.

ಹನ್ನೊಂದು ಕಿಲೋಮೀಟರ್ ಎಂಬುದು ನಮ್ಮ ಹಳ್ಳಿಗಳ ಜನ ಸಂತೆಗೋ ಜಾತ್ರೆಗೋ ನಡೆಯುತ್ತಿದ್ದ ದೂರ. ಮಂಜು ಬಿದ್ದ ರಸ್ತೆ, ಮೂಳೆ ಕೊರೆಯುವ ಚಳಿ, ನಿದ್ರೆಯಿಲ್ಲದ ಐದಾರು ರಾತ್ರಿಗಳು, ಅರ್ಧ ಹೊಟ್ಟೆ, ಎಲ್ಲಿಯೋ ಸಮೀಪದಲ್ಲಿ ಸಿಡಿಯುವ ಗುಂಡು, ಇವುಗಳ ನಡುವೆ ಅದೇ ದೂರ ಬೇರೆಯೇ ಆಗುತ್ತದೆ. ಪೆಟ್ಟಿಗೆ ಪುಸ್ತಕಗಳನ್ನು ಹಿಂದೆ ಬಿಟ್ಟು, ಪಾಸ್‌ಪೋರ್ಟ್ ಇದ್ದ ಚೀಲವೊಂದನ್ನು ಬೆನ್ನಿಗೇರಿಸಿ, ನೂರಾರು ವಿದ್ಯಾರ್ಥಿಗಳು ಸಾಲಾಗಿ ನಡೆದು ಕತ್ತಲಾಗುವ ಹೊತ್ತಿಗೆ ಪೆಸೋಚಿನ್ ಸೇರಿದರು. ಅಲ್ಲಿ ಎರಡು ಮೂರು ದಿನ ಕಾದ ಬಳಿಕ ಬಸ್ಸುಗಳು ಬಂದವು.

ಸುಮಿ ನಗರದಲ್ಲಿದ್ದ ಸುಮಾರು 700 ವಿದ್ಯಾರ್ಥಿಗಳ ಸರದಿ ಎಲ್ಲರಿಗಿಂತ ಕೊನೆಯದು. ಬೇಸತ್ತು, ತಾವೇ ಗಡಿಯತ್ತ ನಡೆದುಬಿಡುವೆವೆಂದು ಅವರು ಮಾರ್ಚ್ 5ರಂದು ಜಗತ್ತಿಗೆ ಸಾರಿದರು. ಸರ್ಕಾರದವರು ಅವರನ್ನು ತಡೆದು ಸಮಾಧಾನ ಹೇಳಬೇಕಾಯಿತು. 7ರಂದು ಬಸ್ಸು ಹತ್ತಲು ಸಿದ್ಧರಾದವರನ್ನು, ದಾರಿ ಸುರಕ್ಷಿತವಲ್ಲವೆಂದು ಹಿಂದಕ್ಕೆ ಕಳುಹಿಸಲಾಯಿತು. ಎರಡೂ ಪಕ್ಷಗಳು ಕದನವಿರಾಮಕ್ಕೆ ಒಪ್ಪಿದ ಮೇಲೆ 8ರಂದು ಅವರು ಪೊಲ್ಟಾವಾಕ್ಕೆ, ಅಲ್ಲಿಂದ ರೈಲಿನಲ್ಲಿ ಲ್ವಿವ್‌ಗೆ, ಬಳಿಕ ಪೋಲೆಂಡಿಗೆ ತಲುಪಿದರು.

ಗಡಿ ದಾಟಿದ ಮೇಲಿನ ಕಥೆ ಚಿಕ್ಕದು. ‘ಆಪರೇಷನ್ ಗಂಗಾ’ ಎಂಬ ಹೆಸರಿನ ಈ ಕಾರ್ಯಾಚರಣೆಯಲ್ಲಿ ಭಾರತ ಸರ್ಕಾರ ನಾಲ್ವರು ಸಚಿವರನ್ನು ನೆರೆಯ ದೇಶಗಳಿಗೆ ಕಳುಹಿಸಿತ್ತು. ನಾಗರಿಕ ವಿಮಾನಗಳ ಜೊತೆಗೆ ವಾಯುಸೇನೆಯ ಬೃಹತ್ ವಿಮಾನಗಳೂ ಸೇರಿ ಒಟ್ಟು 90 ಬಾರಿ ಹಾರಾಟ ನಡೆಸಿದವು. 1990ರಲ್ಲಿ ಕುವೈತಿನಿಂದ ಒಂದೂ ಮುಕ್ಕಾಲು ಲಕ್ಷದಷ್ಟು ಭಾರತೀಯರು ಮರಳುಗಾಡು ದಾಟಿ ಜೋರ್ಡಾನಿನ ಅಮ್ಮಾನ್ ಸೇರಿ ಮುಂಬಯಿಗೆ ಬಂದದ್ದೂ ಹೀಗೆಯೇ. ವಿಮಾನದ ಬಾಗಿಲವರೆಗೆ ಬರುವುದೇ ಆಗಲೂ ಕಷ್ಟದ ಮಾತಾಗಿತ್ತು. ದೆಹಲಿ, ಮುಂಬಯಿಗಳಿಂದ ಕನ್ನಡಿಗ ವಿದ್ಯಾರ್ಥಿಗಳು ತಂಡತಂಡವಾಗಿ ದೇವನಹಳ್ಳಿಗೆ ಬಂದಿಳಿದರು. ಬಾಗಿಲಲ್ಲಿ ಕಾದವರಿಗೆ ಮಾತು ಹೊರಡಲಿಲ್ಲ, ಅಪ್ಪಿಕೊಂಡು ಅತ್ತರು.

ನವೀನನ ದೇಹ ಊರಿಗೆ ಬರಲು ಇಪ್ಪತ್ತು ದಿನಗಳು ಹಿಡಿದವು. ಮಾರ್ಚ್ 21ರ ನಸುಕಿನಲ್ಲಿ ಅದು ಬೆಂಗಳೂರಿಗೆ ತಲುಪಿದಾಗ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ನಿಲ್ದಾಣದಲ್ಲಿಯೇ ಅಂತಿಮ ನಮನ ಸಲ್ಲಿಸಿದರು. ಚಳಗೇರಿಯಲ್ಲಿ ಪೂಜಾವಿಧಿಗಳು ಮುಗಿದು, ಊರ ಜನರೆಲ್ಲ ದರ್ಶನ ಪಡೆದ ಬಳಿಕ, ತಂದೆತಾಯಿಗಳು ಮಗನ ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ವಿದ್ಯಾರ್ಥಿಗಳ ಅಧ್ಯಯನಕ್ಕೆಂದು ಒಪ್ಪಿಸಿದರು.

ಜೀವಸಹಿತ ಮರಳಿದವರ ಓದು ಅರ್ಧಕ್ಕೆ ನಿಂತಿತ್ತು. ಕೆಲಕಾಲ ಅವರು ಮನೆಯಲ್ಲಿ ಕುಳಿತು, ಯುದ್ಧದ ನಡುವೆಯೇ ಪಾಠ ಹೇಳುತ್ತಿದ್ದ ತಮ್ಮ ಅಧ್ಯಾಪಕರನ್ನು ಅಂತರ್ಜಾಲದಲ್ಲಿ ಆಲಿಸಿದರು. ಇಲ್ಲಿನ ಕಾಲೇಜುಗಳಲ್ಲಿ ಸೇರಿಸಿಕೊಳ್ಳಬೇಕೆಂಬ ಅವರ ಮೊರೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಬೇರೆ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಓದು ಮುಂದುವರಿಸಲು ಒಪ್ಪಿಗೆ ನೀಡಿತು. ಕೆಲವರು ಹಾಗೆ ಮತ್ತೊಂದು ದೇಶಕ್ಕೆ ತೆರಳಿದರು. ಇನ್ನು ಕೆಲವರು, ಮನೆಯವರು ಬೇಡವೆಂದರೂ, ಬಂದ ದಾರಿಯಲ್ಲಿಯೇ ಉಕ್ರೇನಿಗೆ ಹೊರಟುಹೋದರು.