ತಿಟ್ಟಿನ ಅಂಚಿಗೆ ಮರಳಿನ ಮೂಟೆ ಏಕೆ?

ಪ್ರಶ್ನೆ: ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಹೋಗುವಾಗ ನಡುಗಡ್ಡೆಗಳ ಅಂಚಿಗೆ ಮರಳಿನ ಮೂಟೆ ಪೇರಿಸಿದ್ದು ಕಂಡಿತು. ಪಕ್ಷಿಧಾಮವನ್ನು ಅದರ ಪಾಡಿಗೆ ಬಿಡಬಾರದೇ?
– ಹಾಸನದ ಓದುಗರೊಬ್ಬರು

ಅದರ ಪಾಡಿಗೆ ಬಿಟ್ಟಿದ್ದರೆ ಆ ಜಾಗ ಹುಟ್ಟುತ್ತಲೇ ಇರಲಿಲ್ಲ. 17ನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದ್ದರಿಂದ ಮೂಡಿದ ತಿಟ್ಟುಗಳವು. ಹಕ್ಕಿಗಳು ಬಂದು ಸೇರಿಕೊಂಡವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮವೆಂದು ಸಾರಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ಪಟ್ಟಿ ಸೇರಿ ರಾಜ್ಯದ ಮೊದಲ ರಾಮ್‌ಸಾರ್ ತಾಣವೂ ಆಯಿತು. ಇಷ್ಟೆಲ್ಲ ಹೆಸರಿದ್ದರೂ ಪಕ್ಷಿಧಾಮದ ವಿಸ್ತೀರ್ಣ 0.67 ಚದರ ಕಿಲೋಮೀಟರ್ ಅಷ್ಟೇ. ತಿಟ್ಟಿನ ಒಂದೊಂದು ಮೊಳ ಮಣ್ಣಿಗೂ ಅಲ್ಲಿ ಬೆಲೆಯಿದೆ.

ಆ ಮಣ್ಣನ್ನು ಕೊರೆಯುವುದು ಹೊಳೆ. ಮೇಲ್ಗಡೆಯೇ ಕೆಆರ್‌ಎಸ್ ಇದೆ. ಆ ಅಣೆಕಟ್ಟು ತುಂಬಿ ಗೇಟು ಎತ್ತಿದರೆ ನೀರು ಒಮ್ಮೆಲೇ ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತ್ತು. ಅಂಥ ನೀರು ತಿಟ್ಟಿನ ಬುಡದ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ, ಬೇರು ಬಯಲಾಗುತ್ತದೆ, ಮರ ಗೂಡುಗಳ ಸಮೇತ ವಾಲುತ್ತದೆ. ಬೇಸಿಗೆಯ ಕಷ್ಟ ಇದಕ್ಕೆ ತದ್ವಿರುದ್ಧ. ಸುತ್ತ ನೀರಿದೆ, ನೀರಲ್ಲಿ ಮೊಸಳೆಯಿದೆ, ನಾಯಿ ನರಿಗಳು ದಾಟಲಾರವು ಎಂಬ ಧೈರ್ಯದಿಂದಲೇ ಹಕ್ಕಿಗಳು ಅಲ್ಲಿ ಗೂಡು ಕಟ್ಟುವುದು. ಹೊಳೆ ತೀರಾ ಇಳಿದರೆ ಆ ಕಾವಲು ಹೋಯಿತು.

ಮೂಟೆ ಜೋಡಿಸುವುದು ತಿಟ್ಟಿನ ಮಣ್ಣು ಕೊಚ್ಚಿಹೋಗದಿರಲೆಂದೇ. ಆದರೆ ಅದು ತಾತ್ಕಾಲಿಕ. ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಹರಿದು ಚೂರುಚೂರಾಗಿ ಹೊಳೆ ಸೇರುತ್ತದೆ. ದಂಡೆಯನ್ನು ನಿಜವಾಗಿ ಹಿಡಿದಿಡುವುದು ಬೇರು. ಮುಂಡಿಗೆಯ ಪೊದೆ ನೋಡಿ: ಕಾಂಡದಿಂದ ಇಳಿಬಿದ್ದ ಊರುಗೋಲಿನಂಥ ಬೇರುಗಳು ಕೆಸರಿಗೆ ನಾಟಿಕೊಂಡಿರುತ್ತವೆ. ಮೂಟೆಯ ಮರೆಯಲ್ಲಿ ಮುಂಡಿಗೆ, ಬಿದಿರು, ಹೊಳೆಮತ್ತಿ ಬೇರೂರಿದರೆ ಮೂಟೆ ಇಟ್ಟಿದ್ದಕ್ಕೆ ಸಾರ್ಥಕ. ಸಸಿ ನೆಡಲು ಇನ್ನೊಂದು ಕಾರಣವೂ ಇದೆ. ಹೆಜ್ಜಾರ್ಲೆ, ನೀರುಕಾಗೆಗಳ ಹಿಂಡು ವರ್ಷಗಟ್ಟಲೆ ಕೂತ ಮರ ಹಿಕ್ಕೆಯ ಖಾರಕ್ಕೆ ಎಲೆ ಸುಟ್ಟು ಕೊನೆಗೆ ಒಣಗುತ್ತದೆ. ಅದು ಒಣಗುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಎದ್ದುನಿಂತಿರಬೇಕು. ಈ ಲೆಕ್ಕವನ್ನು ಹತ್ತಿಪ್ಪತ್ತು ವರ್ಷ ಮುಂಚೆಯೇ ಹಾಕಬೇಕು.

ತೊಡಕು ಇರುವುದು ಕೆಲಸದ ಹೊತ್ತಿನಲ್ಲಿ. ನೀರು ಇಳಿದಾಗಲೇ ದಂಡೆಯ ಕೆಲಸ ಮಾಡಲಾದೀತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಮರಿ ಗೂಡಿನಲ್ಲಿರುವುದೂ ಆಗಲೇ. ಗದ್ದಲಕ್ಕೆ ತಾಯಿಹಕ್ಕಿ ಎದ್ದು ಹಾರಿದರೆ ಪುಕ್ಕ ಬಲಿಯದ ಮರಿಗಳು ಏರುಬಿಸಿಲಿಗೆ ಬೀಳುತ್ತವೆ, ಕಾಗೆ ಹದ್ದುಗಳಿಗೆ ದಾರಿಯಾಗುತ್ತದೆ. ಮಳೆ ಹಿಡಿದ ಮೇಲೆ ಮಾಡೋಣವೆಂದರೆ ಬೆಳ್ಳಕ್ಕಿಗಳ ಸರದಿ. ಹಾಗಾಗಿ ಗೂಡಿಲ್ಲದ ತಿಟ್ಟನ್ನೇ ಆರಿಸಿ, ಒಂದು ಮುಗಿದ ಮೇಲೆ ಇನ್ನೊಂದಕ್ಕೆ ಹೋಗಬೇಕು. ಟೆಂಡರಿನ ವಾಯಿದೆಗೂ ಹಕ್ಕಿಗಳ ವಾಯಿದೆಗೂ ತಾಳೆಯಾಗದು; ಯೋಜನೆ ಬರೆಯುವವರು ಮೊದಲು ಗೂಡಿನ ತಿಂಗಳುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಆಮೇಲೆ ಅಂದಾಜುಪಟ್ಟಿಗೆ ಕೈಹಾಕುವುದು ಕ್ಷೇಮ.

ಪಕ್ಷಿಧಾಮದ ಹಣದಲ್ಲಿ ಪ್ರವಾಸಿಗರಿಗೆ ಹುಲ್ಲುಹಾಸು, ಸೆಲ್ಫಿ ಜಾಗ ಬೇಕೇ? ನನ್ನನ್ನು ಕೇಳಿದರೆ ನೆರಳು, ಶೌಚಾಲಯ, ಒಳ್ಳೆಯ ದೋಣಿ ಇದ್ದರೆ ಸಾಕು. ಮಿಕ್ಕ ಹಣ ತಿಟ್ಟಿಗೆ ಹೋಗಲಿ. ಅಂದಹಾಗೆ, ಮಳೆಗಾಲದಲ್ಲಿ ಮತ್ತೆ ಹೋಗುವುದಾದರೆ ಕೆಆರ್‌ಎಸ್ ಹೊರಹರಿವು ಎಷ್ಟಿದೆಯೆಂದು ಪತ್ರಿಕೆಯಲ್ಲಿ ನೋಡಿಕೊಂಡು ಹೊರಡಿ. ಹೊಳೆ ಉಕ್ಕಿದ ದಿನ ದೋಣಿ ಬಿಡುವುದಿಲ್ಲ.